ಲಾನ್‌ಸ್ಟೆಫನ್ ಕೋಟಿ ನೋಡಾಕ ಹೊಂಟೀರೇನು?

ನಮ್ಮ ಧಾರವಾಡದ ಓಣ್ಯಾಗ ಯಾರರ ಬ್ರಿಟನ್ನಿನ ವೇಲ್ಸ್‌ನ್ಯಾಗಿರೋ ಮಕ್ಕಳ ಕಡೆ ಹೊಂಟ್ರ ನಾ ಹೇಳೋದು ಇಷ್ಟ: ಕಾರ್ಡಿಫ್‌ನ್ಯಾಗ ಅಂಗಡಿ ಸುತ್ತೋದು ಬಿಟ್ಟು ಲಾನ್‌ಸ್ಟೆಫನ್ ಕೋಟಿಗೆ ಹೋಗ್ರಿ. ಕಾರ್ಮಾರ್ಥನ್ ಊರಿನ ದಕ್ಷಿಣಕ್ಕ, ಟವಿ ನದಿ ಸಮುದ್ರ ಸೇರೋ ಅಳಿವೆ ಮ್ಯಾಲಿನ ಗುಡ್ಡದಾಗ ಐತಿ. ಟಿಕೀಟು ಇಲ್ಲ.

ಗಾಡಿ ಕೆಳಗ ದಂಡಿ ಹತ್ತಿರನ ನಿಲ್ಲಿಸ್ರಿ. ಏರು ಕಡಿದು. ಅಕ್ಕಾರು ಸೀರಿ ಉಟ್ಟರೂ ಕಾಲಿಗೆ ಬೂಟು ಹಾಕ್ಕೋರಿ, ಹಸಿ ಹುಲ್ಲು ಜಾರತೈತಿ. ಜಿಟಿಜಿಟಿ ಮಳಿ ನಮಗೇನ ಹೊಸಾದಲ್ಲ ಬಿಡ್ರಿ, ಆದ್ರ ಅಲ್ಲಿ ಗಾಳಿಗೆ ಛತ್ರಿ ನಿಲ್ಲಂಗಿಲ್ಲ, ಜರ್ಕಿನ್ ಒಯ್ರಿ.

ಮ್ಯಾಲ ಹೋದಕೂಡ್ಲೆ ಫೋಟೋಕ್ಕ ಓಡಬ್ಯಾಡ್ರಿ. ಜೋಡಿ ಬುರುಜಿನ ಹೆಬ್ಬಾಗಿಲ ಮುಂದ ನಿಂದರ್ರಿ. 13ನೇ ಶತಮಾನದ ಕೊನಿಗೆ ಕಟ್ಟಿದ್ದು. ಮುಂದ ಟ್ಯೂಡರ್ ರಾಜಮನೆತನದ ಕಾಲದಾಗ ದಾರಿ ಮುಚ್ಚಿ ಅದನ್ನ ಮನಿ ಮಾಡ್ಕೊಂಡ್ರು, ಬಾಜೂಕ ಸಣ್ಣ ಬಾಗಿಲಾ ಇಟ್ರು. ಅದಕ್ಕೂ ಮೊದಲ, 1146ರಾಗ ವೇಲ್ಸ್ ರಾಜಕುಮಾರರು ಆಗ ಇಂಗ್ಲೆಂಡ್ ಆಳ್ತಿದ್ದ ನಾರ್ಮನ್ನರ ಕೈಯಿಂದ ಕೋಟಿ ಕಸಗೊಂಡಿದ್ರು. ಕೋಟಿ ಬಿಡಿಸ್ಕೊಳ್ಳಾಕ ತಿರುಗಿ ಬಂದ ನಾರ್ಮನ್ನರ ಏಣಿಗೋಳನ್ನ ಆ ರಾಜಕುಮಾರರೊಳಗ ಒಬ್ಬನಾದ ಮರೆದಿದ್ ಅನ್ನೋ ಹುಡುಗನ ಪಡೆ ಉರುಳಿಸಿ ಕೆಡವಿತು. ನನಗ ಈ ಕತಿನ ಭಾಳ ಸೇರತೈತಿ.

ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಳ್ರಿ. ಉಸುಕಿನ್ಯಾಗ ಅಡ್ಡಾಡೋದಿದ್ರ ಭರತದ ವ್ಯಾಳೆ ಮೊದಲ ನೋಡ್ಕೊಳ್ರಿ, ನೀರು ಜೋರು ಬರತೈತಿ. ಎದುರು ದಂಡಿಗೆ ಕಾಣೋ ಊರು ಫೆರಿಸೈಡ್, ಅಲ್ಲಿ ರೈಲ್ವೆ ಸ್ಟೇಷನ್ ಐತಿ.