ಹೊರಗಿನ ಪ್ಯಾಡ್ ನೋಡಿ ಮೋಸ ಹೋದದ್ದು

ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡಕ್ಕೆ ದಿನವೂ ಕಾರಿನಲ್ಲಿ ಓಡಾಡುವ ನನಗೆ, ಮುಂದಿನ ಬ್ರೇಕ್ ಪ್ಯಾಡ್ ಸವೆದಿರುವ ಮೊದಲ ಸುಳಿವು ಸಿಕ್ಕಿದ್ದು ಕಿವಿಯ ಮೂಲಕ. ಮಳೆಗಾಲದಲ್ಲಿ ರಾತ್ರಿಯಿಡೀ ನಿಂತ ಕಾರಿನ ಡಿಸ್ಕಿಗೆ (ಗಾಲಿಯೊಂದಿಗೆ ತಿರುಗುವ, ಒಳಗೂ ಹೊರಗೂ ಒಂದೊಂದು ಪ್ಯಾಡ್ ಅಮುಕುವ ಲೋಹದ ತಟ್ಟೆಗೆ) ತೆಳುವಾಗಿ ತುಕ್ಕು ಹಿಡಿಯುವುದರಿಂದ ಬೆಳಿಗ್ಗೆ ಸದ್ದು ಬರುವುದು ಸಹಜ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದು ಹೋಗುತ್ತದೆ. ಆದರೆ ಈ ಕೀಚಲು ಸದ್ದು ಉಣಕಲ್ ಕಳೆದು ನವಲೂರು ದಾಟಿದರೂ ನಿಲ್ಲಲಿಲ್ಲ.

ಟಾರ್ಚ್ ಹಿಡಿದು ಗಾಲಿಯ ಸಂದಿಯಲ್ಲಿ ಇಣುಕಿದೆ. ಪ್ಯಾಡ್ ದಪ್ಪವಾಗಿಯೇ ಕಂಡಿತು. ಅದರ ಹಿಂದಿನ ಉಕ್ಕಿನ ತಗಡನ್ನೂ ಸೇರಿಸಿ ನಾನು ಅಂದಾಜು ಮಾಡುತ್ತಿದ್ದೆ ಎಂಬುದು ಆಗ ತಿಳಿಯಲಿಲ್ಲ. ಬಾನೆಟ್ ಎತ್ತಿದಾಗ ಬ್ರೇಕ್ ಆಯಿಲ್ ಕೆಳಗಿನ ಗೆರೆಯ ಹತ್ತಿರ ಇಳಿದಿತ್ತು. ಒಂದಿಷ್ಟು ಸುರಿದು, ಕೆಲಸ ಮುಗಿಯಿತು ಎಂದುಕೊಂಡೆ. ಇದು ಎರಡನೆಯ ತಪ್ಪು. ಪ್ಯಾಡ್ ಸವೆದಷ್ಟೂ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿಸ್ಟನ್, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಮುಂದೆ ಬರುತ್ತದೆ, ಆ ಜಾಗವನ್ನು ತುಂಬಲು ಆಯಿಲ್ ಇಳಿಯುತ್ತದೆ. ಎಲ್ಲಿಯೂ ಸೋರಿಕೆ ಇಲ್ಲದೆ ಮಟ್ಟ ನಿಧಾನವಾಗಿ ಕುಸಿದರೆ ಅದೇ ಸವೆತದ ಲೆಕ್ಕ.

ವಾರದ ನಂತರ ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿಸಿದೆ. ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಇಟ್ಟು ನೋಡಿದರೆ ಹೊರಗಿನ ಪ್ಯಾಡಿನಲ್ಲಿ ತಗಡು ಬಿಟ್ಟು 5 ಮಿ.ಮೀ. ಉಳಿದಿತ್ತು. ಮೇಸ್ತ್ರಿ ಒಳಗಿನದನ್ನು ಕೈಗಿಟ್ಟು, ‘ಇದನ್ನ ನೋಡ್ರಿ ಸರ್, ಒಳಗಿಂದು ಪೂರಾ ತಿಂದು ಹಾಕೇತಿ’ ಎಂದರು. ಅದರಲ್ಲಿ 2 ಮಿ.ಮೀ. ಕೂಡ ಇರಲಿಲ್ಲ. ಅಂಚಿನಲ್ಲಿದ್ದ ಸಣ್ಣ ಉಕ್ಕಿನ ಪಟ್ಟಿ ಡಿಸ್ಕಿಗೆ ತಾಗಿ ತಾಗಿ ಹೊಳೆಯುತ್ತಿತ್ತು. ಕೀಚಲು ಸದ್ದು ಅದರದೇ. ಪ್ಯಾಡ್ ತೆಳುವಾದಾಗ ಡಿಸ್ಕನ್ನು ಉಜ್ಜಿ ಕೂಗಲೆಂದೇ ಅದನ್ನು ಇಟ್ಟಿರುತ್ತಾರೆ. ಎಲ್ಲ ಪ್ಯಾಡುಗಳಿಗೂ ಅದು ಇರುವುದಿಲ್ಲ, ಆದ್ದರಿಂದ ಸದ್ದಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ.

ಹೀಗೆ ಒಂದು ಕಡೆ ಮಾತ್ರ ಸವೆಯಲು ಕಾರಣ, ಕ್ಯಾಲಿಪರ್ ಜಾರಬೇಕಾದ ಪಿನ್ನು ಗ್ರೀಸ್ ಒಣಗಿ, ಎರಿಮಣ್ಣಿನ ಧೂಳು ಕೂತು ಬಿಗಿದುಕೊಂಡದ್ದು. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತಿತ್ತು, ಹೊರಗಿನದು ಅರೆಬರೆ ಕೆಲಸ ಮಾಡುತ್ತಿತ್ತು. ಹೊಸ ಪ್ಯಾಡಿನಲ್ಲಿ ಸುಮಾರು 10 ಮಿ.ಮೀ. ಇರುತ್ತದೆ; 3 ಮಿ.ಮೀ.ಗೆ ಬಂದಾಗ ಬದಲಿಸಬೇಕು, ಅದೂ ಎಡ–ಬಲ ಎರಡೂ ಗಾಲಿಗಳಿಗೆ ಒಟ್ಟಿಗೆ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ನಾನು ಸುರಿದಿದ್ದ ಆಯಿಲ್ ಉಕ್ಕಿ ಬರುವುದರಲ್ಲಿತ್ತು. ಅದು ಚೆಲ್ಲಿದರೆ ಕಾರಿನ ಬಣ್ಣ ಕಿತ್ತುಹೋಗುತ್ತದೆಂದು ಮೇಸ್ತ್ರಿ ಅದನ್ನು ಸಿರಿಂಜಿನಿಂದ ಎಳೆದು ತೆಗೆದರು. ಕಾರು ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಹಲವು ಸಲ ಒತ್ತಿಸಿದರು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಮೊದಲ 300 ಕಿ.ಮೀ. ನಾನು ಗಕ್ಕನೆ ಬ್ರೇಕ್ ಹಾಕಲಿಲ್ಲ.

ಈಗ ಪ್ರತಿ 10,000 ಕಿ.ಮೀ.ಗೆ ಟಯರ್ ಅದಲುಬದಲು ಮಾಡಿಸುವಾಗ, ಗಾಲಿ ಹೇಗೂ ಬಿಚ್ಚಿರುತ್ತದೆಯಾದ್ದರಿಂದ, ಒಳಗಿನ ಪ್ಯಾಡನ್ನೇ ಮೊದಲು ಅಳೆಯುತ್ತೇನೆ. ಕಳೆದ ಸಲ ಒಳಗಿನದು 8, ಹೊರಗಿನದು ಎಂಟೂವರೆ ಮಿ.ಮೀ. ಇದ್ದವು.