ದೇಣಿಗೆ ಸಂಗ್ರಹದ ಸಿಬ್ಬಂದಿಯನ್ನು ಹುಡುಕಿ ಉಳಿಸಿಕೊಳ್ಳುವ ಬಗೆ

ಅರ್ಹರು ವಿರಳವಾಗಿರುವಾಗ ಸೇವಾಸಂಸ್ಥೆಯು ಜಾಹೀರಾತಿನಲ್ಲೇ ಸಂಬಳವನ್ನು ಸ್ಪಷ್ಟವಾಗಿ ನಮೂದಿಸಬೇಕು. ಇದೇ ಕ್ಷೇತ್ರದ ಅನುಭವಕ್ಕೆ ಪಟ್ಟು ಹಿಡಿಯದೆ, ಮಾರಾಟ ಅಥವಾ ಗ್ರಾಹಕ ಸೇವೆಯಲ್ಲಿ ಪಳಗಿದವರನ್ನೂ ಪರಿಗಣಿಸಬೇಕು. ದೇಣಿಗೆ ನಿಲ್ಲಿಸಿರುವ ದಾನಿಯೊಬ್ಬರಿಗೆ ಸಂದರ್ಶನದಲ್ಲಿಯೇ ಪತ್ರವೊಂದನ್ನು ಬರೆಸಿ ನೋಡಿದರೆ, ಅಭ್ಯರ್ಥಿಯು ಹಣ ಕೇಳುವ ಮೊದಲು ಹಿಂದಿನ ನೆರವಿಗೆ ಕೃತಜ್ಞತೆ ಹೇಳುತ್ತಾರೆಯೇ ಎಂಬುದು ತಿಳಿಯುತ್ತದೆ. ನಿರ್ಧಾರವನ್ನು ವಾರಗಟ್ಟಲೆ ಎಳೆಯಬಾರದು.

ಸಂಗ್ರಹದಲ್ಲಿ ಶೇಕಡಾವಾರು ಕಮಿಷನ್ ಕೊಡುವುದು ಬೇಡ; ಅದು ದಾನಿಗಳ ಮೇಲೆ ಒತ್ತಡ ಹೇರಲು ಪ್ರೇರೇಪಿಸುತ್ತದೆ, ದೇಣಿಗೆ ಸಂಗ್ರಹದ ವೃತ್ತಿಪರರ ಅಂತರರಾಷ್ಟ್ರೀಯ ಸಂಘವಾದ ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್‌ನ ನೀತಿಸಂಹಿತೆಯೂ ಅದನ್ನು ಒಪ್ಪುವುದಿಲ್ಲ. ಸಿಬ್ಬಂದಿಯನ್ನು ಹೆಚ್ಚು ದಣಿಸುವುದು ಕೈಗೆಟುಕದ ಗುರಿಗಳು ಎಂಬುದು ನನ್ನ ಅಭಿಪ್ರಾಯ. ದೊಡ್ಡ ದೇಣಿಗೆಯ ಹಿಂದೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಒಡನಾಟವಿರುವುದರಿಂದ, ಮೊದಲ ವರ್ಷದ ಕೆಲಸವನ್ನು ಬಂದ ಮೊತ್ತವೊಂದರಿಂದಲೇ ಅಳೆಯದೆ, ನಡೆಸಿದ ಭೇಟಿಗಳನ್ನೂ ಮರಳಿ ಬಂದ ದಾನಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ. ಆಡಳಿತ ಮಂಡಳಿಯ ಸದಸ್ಯರೂ ಜೊತೆಗೆ ಹೋಗಿ ದಾನಿಗಳನ್ನು ಪರಿಚಯಿಸಬೇಕು.