ಸಾರ್ಟ್ ಮಾಡಿದ ಮೇಲೂ ಲಿಂಕ್ ಸರಿಯಾದ ಸಾಲಿಗೇ ಹೋಗಬೇಕಾದರೆ

ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಯ ಎಕ್ಸೆಲ್ ಫೈಲ್ ಅಂದುಕೊಳ್ಳಿ. ಅದರಲ್ಲಿ ಎರಡು ಶೀಟ್. ‘ಲಾಟ್’ ಶೀಟಿನಲ್ಲಿ ಲಾಟ್ ನಂಬರ್, ತಾರೀಕು, ಊರು, ಬಗೆ, ಚೀಲ, ತೂಕ. ‘ಬಾಕಿ’ ಶೀಟಿನಲ್ಲಿ ಯಾವ ಲಾಟಿಗೆ ಎಷ್ಟು ದುಡ್ಡು ಕೊಡುವುದಿದೆ ಎಂಬ ಲೆಕ್ಕ. ಬಾಕಿಯಲ್ಲಿ ಒತ್ತಿದರೆ ನೇರ ಆ ಲಾಟಿನ ಸಾಲಿಗೆ ಹೋಗಲಿ ಅಂತ ಕಂಟ್ರೋಲ್-ಕೆ ಒತ್ತಿ ಒಂದೊಂದಕ್ಕೂ ಲಿಂಕ್ ಹಾಕಲಾಗಿದೆ. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಯಾರೋ ಲಾಟ್ ಶೀಟನ್ನು ಊರಿನ ಪ್ರಕಾರ ಸಾರ್ಟ್ ಮಾಡುತ್ತಾರೆ. ಆಮೇಲೆ ಆಲ್ದೂರಿನ ಲಾಟ್ ಒತ್ತಿದರೆ ಕೊಪ್ಪದ್ದು ತೆರೆಯುತ್ತದೆ. ಎರರ್ ಬಂದಿದ್ದರೆ ಗೊತ್ತಾಗುತ್ತಿತ್ತು. ಅದೂ ಬರುವುದಿಲ್ಲ, ಹಾಗಾಗಿ ಒಬ್ಬರ ತೂಕ ನೋಡಿ ಇನ್ನೊಬ್ಬರಿಗೆ ದುಡ್ಡು ಹಾಕುವ ತನಕ ಯಾರ ಗಮನಕ್ಕೂ ಬರುವುದಿಲ್ಲ.

ಕಾರಣ ಇಷ್ಟೇ. ಕಂಟ್ರೋಲ್-ಕೆ ಲಿಂಕಿನೊಳಗೆ ಇರುವುದು ‘ಲಾಟ್ ಶೀಟ್, ಎ14’ ಎಂಬ ವಿಳಾಸ ಮಾತ್ರ. ಸಾರ್ಟ್ ಆದಾಗ ಎ14 ಅಲ್ಲೇ ಇರುತ್ತದೆ, ಒಳಗಿದ್ದ ಮಾಹಿತಿ ಬೇರೆ ಸಾಲಿಗೆ ಹೋಗಿರುತ್ತದೆ. ಮನೆ ನಂಬರ್ ಅದೇ, ಬಾಡಿಗೆಯವರು ಬೇರೆ. ನಡುವೆ ಒಂದು ಸಾಲು ಸೇರಿಸಿದರೂ, ಶೀಟಿನ ಹೆಸರು ಬದಲಿಸಿದರೂ ಈ ವಿಳಾಸ ತಾನಾಗಿ ತಿದ್ದಿಕೊಳ್ಳುತ್ತದೆ ಎಂದು ನಂಬುವಂತಿಲ್ಲ. ಸೆಲ್‌ಗೆ ಹೆಸರು ಕೊಟ್ಟು ಆ ಹೆಸರಿಗೆ ಲಿಂಕ್ ಹಾಕುವವರಿದ್ದಾರೆ. ಸಾಲು ಸೇರಿಸಿದಾಗ ಅದು ಸರಿ ಹೋಗುತ್ತದೆ, ಸಾರ್ಟ್ ಮಾಡಿದಾಗ ಅದೂ ಕೈಕೊಡುತ್ತದೆ.

ಹಾಗಾಗಿ ಲಿಂಕ್ ಹುಡುಕಬೇಕಾದ್ದು ಲಾಟ್ ನಂಬರನ್ನು, ಸೆಲ್ಲನ್ನಲ್ಲ. ಲಾಟ್ ಶೀಟಿನ ಎ ಕಾಲಂನಲ್ಲಿ ಪ್ರತಿ ಲಾಟಿಗೂ ಬೇರೆಬೇರೆ ನಂಬರ್ ಇರಲಿ. ಬರೀ 147 ಎನ್ನುವ ಬದಲು ‘ಸಿಕೆಎಂ-0147’ ಥರ ಮುಂದೆ ಅಕ್ಷರ ಸೇರಿಸಿ. ಬರೀ ಅಂಕಿಯಾದರೆ ಒಂದು ಶೀಟಿನಲ್ಲಿ ಸಂಖ್ಯೆಯಾಗಿ, ಇನ್ನೊಂದರಲ್ಲಿ ಟೆಕ್ಸ್ಟ್ ಆಗಿ ಕೂತುಬಿಡುತ್ತದೆ. ಕಣ್ಣಿಗೆ ಒಂದೇ, ಎಕ್ಸೆಲ್‌ಗೆ ಎರಡು. ಈಗ ಬಾಕಿ ಶೀಟಿನ ಎ2ನಲ್ಲಿ ಲಾಟ್ ನಂಬರ್ ಇದ್ದರೆ, ಪಕ್ಕದ ಖಾಲಿ ಕಾಲಂನಲ್ಲಿ ಹೀಗೆ ಬರೆಯಿರಿ:

=ಹೈಪರ್‌ಲಿಂಕ್("#'ಲಾಟ್'!ಎ"&ಮ್ಯಾಚ್(ಎ2,'ಲಾಟ್'!$ಎ:$ಎ,0),ಎ2)

ಫಂಕ್ಷನ್ ಹೆಸರನ್ನೂ ಕಾಲಂ ಅಕ್ಷರವನ್ನೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು (HYPERLINK, MATCH, A). ಶೀಟಿನ ಹೆಸರು ಕನ್ನಡದಲ್ಲೇ ಇರಬಹುದು, ಅದರ ಎರಡೂ ಕಡೆ ಒಂಟಿ ಉದ್ಧರಣ ಚಿಹ್ನೆ ಬಿಡಬೇಡಿ. ಮೊದಲಿನ # ಚಿಹ್ನೆ ‘ಇದೇ ಫೈಲಿನೊಳಗೆ’ ಎಂದು ತಿಳಿಸುತ್ತದೆ, ಅದು ತಪ್ಪಿದರೆ ಎಕ್ಸೆಲ್ ಆ ಹೆಸರಿನ ಬೇರೆ ಫೈಲ್ ಹುಡುಕಲು ಹೋಗುತ್ತದೆ. ಕೊನೆಯ 0 ಎಂದರೆ ತದ್ವತ್ ಅದೇ ನಂಬರ್ ಸಿಗಬೇಕು ಎಂದು. ಅದನ್ನು ಬಿಟ್ಟರೆ ಸಾರ್ಟ್ ಆಗದ ಪಟ್ಟಿಯಲ್ಲಿ ತಪ್ಪು ಸಾಲು ಸಿಗಬಹುದು. ಪೂರ್ತಿ ಕಾಲಂ ಕೊಟ್ಟಿರುವುದಕ್ಕೂ ಕಾರಣವಿದೆ: ಮ್ಯಾಚ್ ಕೊಡುವ ಸಂಖ್ಯೆಯೇ ಸಾಲಿನ ನಂಬರ್ ಆಗುತ್ತದೆ. ಎ2ರಿಂದ ಎ500 ಅಂತ ಕೊಟ್ಟರೆ ಉತ್ತರಕ್ಕೆ 1 ಕೂಡಿಸಬೇಕು, ಇಲ್ಲದಿದ್ದರೆ ಪ್ರತಿ ಲಿಂಕೂ ಒಂದು ಸಾಲು ಮೇಲೆ ನಿಲ್ಲುತ್ತದೆ.

ಇಷ್ಟಾದರೆ ಲಾಟ್ ಶೀಟನ್ನು ಹೇಗೆ ಬೇಕಾದರೂ ಸಾರ್ಟ್ ಮಾಡಿ. ಬಾಕಿ ಶೀಟನ್ನೇ ಸಾರ್ಟ್ ಮಾಡುವಾಗ ಮಾತ್ರ ಒಂದು ಅಡಗಿದ ಅಪಾಯ ಇದೆ. ಫಾರ್ಮುಲಾ ಬರೆಯುವಾಗ ಮೌಸ್‌ನಿಂದ ಶೀಟ್ ಬದಲಿಸಿ ಸೆಲ್ ಆರಿಸಿದರೆ ಎಕ್ಸೆಲ್ ಎ2 ಎನ್ನುವ ಬದಲು ‘ಬಾಕಿ’!ಎ2 ಎಂದು ತನ್ನದೇ ಶೀಟಿನ ಹೆಸರನ್ನೂ ಸೇರಿಸಿಬಿಡುತ್ತದೆ. ಹಾಗೆ ಹೆಸರು ಅಂಟಿದ ಉಲ್ಲೇಖ ಸಾರ್ಟ್ ಆದಾಗ ಸಾಲಿನ ಜೊತೆ ಸಾಗದೆ ಹಳೆಯ ಜಾಗವನ್ನೇ ತೋರಿಸುತ್ತದೆ. ಫಾರ್ಮುಲಾ ಬಾರ್‌ನಲ್ಲಿ ಒಮ್ಮೆ ನೋಡಿ, ಇದ್ದರೆ ಅಳಿಸಿ. ಜೊತೆಗೆ ಎರಡೂ ಪಟ್ಟಿಗಳನ್ನು ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡಿಡಿ. ಒಂದೇ ಕಾಲಂ ಸಾರ್ಟ್ ಆಗಿ ಮಿಕ್ಕದ್ದು ಅಲ್ಲೇ ಉಳಿಯುವ ಅನಾಹುತ ಅಲ್ಲಿಗೆ ತಪ್ಪುತ್ತದೆ.

ತೂಕದ ಚೀಟಿಯ ಸ್ಕ್ಯಾನ್‌ಗೂ ಇದೇ ಉಪಾಯ. ಫೈಲಿಗೆ ಲಾಟ್ ನಂಬರಿನದೇ ಹೆಸರಿಡಿ. ಫೋಲ್ಡರ್‌ನ ದಾರಿಯನ್ನು ಬೇರೆ ಶೀಟಿನ ಒಂದು ಸೆಲ್‌ನಲ್ಲಿ, ಕೊನೆಯ ಹಿಂಬದಿ ಓರೆಗೆರೆಯೂ (\) ಸೇರಿ, ಬರೆದಿಡಿ. ಹೈಪರ್‌ಲಿಂಕ್ ಫಾರ್ಮುಲಾದಲ್ಲಿ ಆ ಸೆಲ್‌ನ ವಿಳಾಸಕ್ಕೆ ಡಾಲರ್ ಚಿಹ್ನೆ ಹಾಕಿ, & ಬಳಸಿ ಲಾಟ್ ನಂಬರ್ ಮತ್ತು ‘.ಪಿಡಿಎಫ್’ ಜೋಡಿಸಿ. ಹೊಸ ಕಂಪ್ಯೂಟರಿಗೆ ಹೋದರೆ ಆ ಒಂದು ಸೆಲ್ ಬದಲಿಸಿದರೆ ಸಾಕು. ಆದರೆ ಎಕ್ಸೆಲ್ ಫೈಲನ್ನಷ್ಟೇ ಆಡಿಟರಿಗೆ ವಾಟ್ಸಾಪ್ ಮಾಡಿದರೆ ಚೀಟಿ ತೆರೆಯುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ # ಆದಮೇಲೆ ಶೀಟಿನ ಹೆಸರಿನ ಬದಲು ‘ಜಿಐಡಿ=’, ಅದರ ಸಂಖ್ಯೆ, ನಂತರ ‘&ರೇಂಜ್=ಎ’ ಬರುತ್ತದೆ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ (gid, range, A). ಆ ಸಂಖ್ಯೆ, ಶೀಟ್ ತೆರೆದಾಗ ಬ್ರೌಸರ್‌ನ ವಿಳಾಸದಲ್ಲೇ ಕಾಣುತ್ತದೆ.

ಲಿಂಕ್ ಜಾಗದಲ್ಲಿ ‘#ಎನ್/ಎ’ ಬಂದರೆ ಆ ನಂಬರ್ ಲಾಟ್ ಶೀಟಿನಲ್ಲಿ ಸಿಕ್ಕಿಲ್ಲ ಎಂದರ್ಥ. ಇದನ್ನು ಇಫ್‌ಎರರ್ ಹಾಕಿ ಮುಚ್ಚಬೇಡಿ, ಕಾಣಲಿ. ನಂಬರಿನ ಹಿಂದೆ ಖಾಲಿ ಜಾಗ ಉಳಿದಿದ್ದರೆ ಟ್ರಿಮ್ ಸಾಕು. ನಮ್ಮ ಕಡೆ ಇನ್ನೊಂದು ಕಾಯಿಲೆ ಉಂಟು: ಒಂದು ಶೀಟಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್, ಇನ್ನೊಂದರಲ್ಲಿ ಯೂನಿಕೋಡ್. ಪರದೆ ಮೇಲೆ ಎರಡೂ ಕನ್ನಡವೇ, ಒಳಗಿನ ಕೋಡ್ ಬೇರೆಬೇರೆ. ಎರಡನ್ನೂ ಯೂನಿಕೋಡ್‌ಗೆ ತರದೆ ಮ್ಯಾಚ್ ಆಗುವುದಿಲ್ಲ. ಒಂದೇ ನಂಬರ್ ಎರಡು ಸಲ ಇದ್ದರೆ ಎರರ್ ಬರದೆ ಮೊದಲನೆಯದೇ ತೆರೆಯುತ್ತದೆ, ಹಾಗಾಗಿ ಕೌಂಟ್‌ಇಫ್‌ನಿಂದ ಒಂದಕ್ಕಿಂತ ಹೆಚ್ಚಿರುವವನ್ನು ಮೊದಲೇ ಹಿಡಿಯಿರಿ. ಲಿಂಕ್ ಒತ್ತಿದರೂ ಏನೂ ಕಾಣದಿದ್ದರೆ ಲಾಟ್ ಶೀಟಿನಲ್ಲಿ ಫಿಲ್ಟರ್ ಉಳಿದಿರಬಹುದು: ಕರ್ಸರ್ ಸರಿಯಾದ ಸಾಲಿಗೇ ಹೋಗಿದೆ, ಸಾಲು ಮರೆಯಾಗಿದೆ. ಫಿಲ್ಟರ್ ತೆಗೆದು ಮತ್ತೆ ಒತ್ತಿ.